ಉಳುವ ಎತ್ತಿನ ಬೆಲೆ

1995ರ ಜನವರಿ ತಿಂಗಳ ಒಂದು ದಿನ, ಇಂಗ್ಲೆಂಡಿನ ಈಶಾನ್ಯ ಭಾಗದಲ್ಲಿ ಟೈನ್ ನದಿಯ ದಡದ ಮೇಲಿರುವ ನ್ಯೂಕಾಸಲ್ ನಗರದ ಸೇಂಟ್ ಜೇಮ್ಸ್ ಪಾರ್ಕ್ ಕ್ರೀಡಾಂಗಣದ ಮೆಟ್ಟಿಲುಗಳ ಮೇಲೆ ಒಂದು ವಿಚಿತ್ರವಾದ ಸಭೆ ಸೇರಿತು. ಮೇಲೆ ನಿಂತವರು ತಂಡದ ಮ್ಯಾನೇಜರ್ ಕೆವಿನ್ ಕೀಗನ್. ಕೆಳಗೆ ನಿಂತವರು ಸುದ್ದಿ ಕೇಳಿ ಓಡಿಬಂದ ಅಭಿಮಾನಿಗಳು. ಹಿಂದಿನ ಋತುವಿನಲ್ಲಿ ಎಲ್ಲ ಪಂದ್ಯಾವಳಿಗಳೂ ಸೇರಿ 41 ಗೋಲು ಹೊಡೆದು ಊರಿನ ಕಣ್ಮಣಿಯಾಗಿದ್ದ ಆ್ಯಂಡಿ ಕೋಲ್ ಎಂಬ ಸ್ಟ್ರೈಕರನನ್ನು, 60 ಲಕ್ಷ ಪೌಂಡು ನಗದಿಗೂ 10 ಲಕ್ಷ ಬೆಲೆ ಕಟ್ಟಲಾದ ಕೀತ್ ಗಿಲೆಸ್ಪಿ ಎಂಬ ತರುಣ ಆಟಗಾರನಿಗೂ ವಿನಿಮಯವಾಗಿ, ಎದುರಾಳಿಯಾದ ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್ಬಿಗೆ ಮಾರಲಾಗಿತ್ತು. ಇಂಥ ಸಂದರ್ಭದಲ್ಲಿ ಹಿಂಬಾಗಿಲಿನಿಂದ ಕಾರು ಹತ್ತಿ ಹೊರಟುಹೋಗುವುದು ಮ್ಯಾನೇಜರುಗಳ ವಾಡಿಕೆ. ಕೀಗನ್ನರು ಮಾತ್ರ ಹೊರಗೆ ಬಂದು, ಎದುರಿಗೆ ನಿಂತವರ ಪ್ರಶ್ನೆಗಳಿಗೆ ಉತ್ತರವಿತ್ತು, ಈ ತೀರ್ಮಾನ ತಮ್ಮದೇ ಎಂದೂ ಇದು ಕೈಕೊಟ್ಟರೆ ಅದರ ಫಲವನ್ನು ಉಣ್ಣಬೇಕಾದವರೂ ತಾವೇ ಎಂದೂ ತಿಳಿಯಹೇಳಿದರು. ಆ ದೃಶ್ಯವನ್ನು ಕ್ಯಾಮೆರಾಗಳು ಹಿಡಿದಿಟ್ಟಿವೆ. ಈಗ ಅದನ್ನು ನೋಡುವಾಗ ಕೆಳಗಿನವರ ಮುಖದಲ್ಲಿ ನನಗೆ ಕೋಪಕ್ಕಿಂತ ಹೆಚ್ಚಾಗಿ ಕಾಣುವುದು, ಮನೆಯ ಹಿರಿಯನು ತಮಗೊಂದು ಮಾತು ಹೇಳದೆ ಜಮೀನನ್ನು ಕ್ರಯಕ್ಕೆ ಕೊಟ್ಟನೆಂದು ತಿಳಿದ ಮಕ್ಕಳ ಮುಖದ ಮೇಲೆ ಮೂಡುವಂಥ ಬೆರಗು.

ಕಾಲ್ಚೆಂಡಿನ ಕ್ಲಬ್ಬೊಂದು ಇಳಿಜಾರಿನಲ್ಲಿರುವಾಗ, ಅಂಕಪಟ್ಟಿಯ ಕೆಳಭಾಗದಲ್ಲಿ ಏದುಸಿರು ಬಿಡುತ್ತಿರುವಾಗ, ಆ ತಂಡದಲ್ಲಿ ಗೋಲು ಹೊಡೆಯಬಲ್ಲ ಒಬ್ಬನೇ ಒಬ್ಬನಿಗಾಗಿ ಸಿರಿವಂತ ಕ್ಲಬ್ಬೊಂದು ಥೈಲಿ ಬಿಚ್ಚಿಕೊಂಡು ಬಾಗಿಲಿಗೆ ಬಂದು ನಿಂತರೆ, ಅವನನ್ನು ಕೊಡಬೇಕೆ ಇಟ್ಟುಕೊಳ್ಳಬೇಕೆ ಎಂಬ ಪ್ರಶ್ನೆಯಲ್ಲಿ ಅಭಿಮಾನಿಗಳು ಒಮ್ಮತಕ್ಕೆ ಬಂದದ್ದನ್ನು ನಾನು ಕಂಡಿಲ್ಲ. ಒಬ್ಬನನ್ನು ಕೊಟ್ಟರೆ ನಾಲ್ವರನ್ನು ತರಬಹುದೆಂಬುದು ಒಂದು ಪಕ್ಷ. ಗೋಲು ಹೊಡೆಯುವವನೇ ಹೋದಮೇಲೆ ಆ ನಾಲ್ವರನ್ನು ಕಟ್ಟಿಕೊಂಡು ಮಾಡುವುದೇನು ಎಂಬುದು ಇನ್ನೊಂದು. ಅವನಿಗೇ ಇರಲು ಮನಸ್ಸಿಲ್ಲದ ಮೇಲೆ ಹಿಡಿದಿಟ್ಟುಕೊಂಡು ಸುಖವಿಲ್ಲ ಎಂದು ನಿಟ್ಟುಸಿರಿಡುವವರದು ಮೂರನೆಯದು. ಕೊನೆಗೆ, ಮದ್ಯದಂಗಡಿಯ ಮೂಲೆಯ ಮೇಜಿನಲ್ಲಿ ಅದುವರೆಗೆ ಸುಮ್ಮನೆ ಕುಳಿತಿದ್ದ ಯಾರೋ ಒಬ್ಬ ಮುದುಕ, ಮಾರುವುದಾದರೆ ಮಾರಲಿ, ಆದರೆ ಆ ಹಣವನ್ನು ಖರ್ಚು ಮಾಡುವವನು ಯಾರು ಎಂದು ಕೇಳುತ್ತಾನೆ. ಆ ಹೊತ್ತಿಗೆ ಉಳಿದವರ ಗಲಾಟೆಯಲ್ಲಿ ಅವನ ಮಾತು ಮುಳುಗಿಹೋಗಿರುತ್ತದೆ. ಕಳೆದ ಮೂವತ್ತು ವರ್ಷಗಳ ಉದಾಹರಣೆಗಳನ್ನು ಸಾಲಾಗಿ ಇಟ್ಟುಕೊಂಡು ನೋಡಿದವನಾಗಿ ನಾನು ಆ ಮುದುಕನ ಪಕ್ಷದವನು.

ನಮ್ಮ ಕಡೆ ದೊಡ್ಡಬಳ್ಳಾಪುರದ ಬಳಿಯ ಘಾಟಿ ಸುಬ್ರಹ್ಮಣ್ಯದಲ್ಲಿ ನಡೆಯುವ ದನಗಳ ಜಾತ್ರೆಯನ್ನು ನೋಡಿದವರಿಗೆ ಈ ವ್ಯವಹಾರದ ಸ್ವರೂಪವನ್ನು ವಿವರಿಸಬೇಕಾಗಿಲ್ಲ. ದಲ್ಲಾಳಿಯು ಕೊಳ್ಳುವವನ ಕೈಯನ್ನು ಟವೆಲಿನ ಕೆಳಗೆ ಹಿಡಿದು, ಬೆರಳುಗಳನ್ನು ಒತ್ತಿ ಬೆಲೆಯನ್ನು ಸೂಚಿಸುತ್ತಾನೆ. ಸುತ್ತ ನಿಂತವರಿಗೆ ಬೆರಳು ಕಾಣುವುದಿಲ್ಲ, ಮುಖ ಮಾತ್ರ ಕಾಣುತ್ತದೆ. ಯುರೋಪಿನ ಕಾಲ್ಚೆಂಡಿನಲ್ಲಿಯೂ ವರ್ಷಕ್ಕೆ ಎರಡು ಜಾತ್ರೆಗಳು: ಬೇಸಗೆಯಲ್ಲಿ ಒಂದು, ಜನವರಿಯಲ್ಲಿ ಒಂದು. 2002ರಿಂದೀಚೆಗೆ ಈ ಎರಡು ಅವಧಿಗಳ ಹೊರಗೆ ಇಂಗ್ಲೆಂಡಿನ ಕ್ಲಬ್ಬುಗಳು ಆಟಗಾರರನ್ನು ಕೊಂಡು ಮಾರುವಂತಿಲ್ಲವಾದ್ದರಿಂದ, ಬಾಗಿಲು ಮುಚ್ಚುವ ಕೊನೆಯ ರಾತ್ರಿ ಟವೆಲಿನ ಕೆಳಗಿನ ಬೆರಳುಗಳು ಬಹು ಅವಸರದಿಂದ ಆಡುತ್ತವೆ. ಬೇಸಗೆಯಲ್ಲಿ ಮಾರಿದ ರೈತನಿಗೆ ಇನ್ನೊಂದು ಜೊತೆಯನ್ನು ಹುಡುಕಲು ವಾರಗಳಿರುತ್ತವೆ. ಜನವರಿಯಲ್ಲಿ ಮಾರಿದವನಾದರೋ ಅರ್ಧ ಉತ್ತ ಹೊಲದ ನಡುವೆ ನೊಗ ಬಿಚ್ಚಿದವನು.

2011ರ ಜನವರಿ 31ರ ರಾತ್ರಿ ನಾನು ಮಲ್ಲೇಶ್ವರದಲ್ಲಿ ನಮ್ಮ ಅಕ್ಕನ ಮನೆಯಲ್ಲಿದ್ದೆ. ಅಲ್ಲಿಯ ರಾತ್ರಿ ಹನ್ನೊಂದು ಇಲ್ಲಿಯ ಬೆಳಗಿನ ಜಾವ ನಾಲ್ಕೂವರೆ. ಅಕ್ಕನ ಮಗ ಲಿವರ್‌ಪೂಲಿನ ಭಕ್ತ; ಬೆನ್ನ ಮೇಲೆ 9ನೆಯ ಅಂಕೆಯೂ ಫೆರ್ನಾಂಡೊ ಟೊರೆಸನ ಹೆಸರೂ ಇದ್ದ ಕೆಂಪು ಜರ್ಸಿಯನ್ನು ಹಾಕಿಕೊಂಡು ಟೀವಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತಿದ್ದ. ಪಕ್ಕದಲ್ಲಿ ಅವನ ಗೆಳೆಯ. ನ್ಯೂಕಾಸಲ್ಲಿನಲ್ಲಿ ಎರಡು ವರ್ಷ ಓದಿ, ಅಲ್ಲಿಯ ಚಳಿಯ ಜೊತೆಗೆ ಅಲ್ಲಿಯ ತಂಡದ ಹುಚ್ಚನ್ನೂ ಹಚ್ಚಿಕೊಂಡು ಬಂದವನು. ಟೊರೆಸ್ 5 ಕೋಟಿ ಪೌಂಡಿಗೆ ಚೆಲ್ಸಿಗೆ ಹೋಗುತ್ತಾನೆ, ಆ ಹಣದಿಂದ ಲಿವರ್‌ಪೂಲಿನವರು ನ್ಯೂಕಾಸಲ್ಲಿನ ಆ್ಯಂಡಿ ಕ್ಯಾರಲನನ್ನು 3.5 ಕೋಟಿಗೆ ಕೊಳ್ಳುತ್ತಾರೆ ಎಂದು ಪರದೆಯ ಕೆಳಗಿನ ಪಟ್ಟಿಯಲ್ಲಿ ಸುದ್ದಿ ಓಡತೊಡಗಿದಾಗ, ಒಂದೇ ಚಾಪೆಯ ಮೇಲೆ ಕುಳಿತಿದ್ದ ಇಬ್ಬರಿಗೂ ಒಂದೇ ಗಳಿಗೆಯಲ್ಲಿ ಸೂತಕ ಬಂದಂತಾಯಿತು. "ಮಾಮ, ಮಾರಿಬಿಟ್ರು" ಎಂದಷ್ಟೇ ಹೇಳಿ ನಮ್ಮ ಹುಡುಗ ಜರ್ಸಿಯನ್ನು ಕಳಚಿ ಮೂಲೆಗೆಸೆದ. ಗೆಳೆಯನು, "ನಿಮ್ಮೋನು ಹೋಗ್ಬೇಕು ಅಂತ ಹೋದ, ನಮ್ಮೋನ್ನ ಹೆಲಿಕಾಪ್ಟರ್‌ಗೆ ಹತ್ತಿಸಿ ಕಳಿಸಿದ್ರು ಕಣೋ" ಎಂದ. ಯಾರ ದುಃಖ ದೊಡ್ಡದು ಎಂಬ ವಾದ ಹಾಲಿನವನು ಬರುವವರೆಗೂ ನಡೆಯಿತು.

ಆ ವಾದದಲ್ಲಿ ಇಬ್ಬರ ಮಾತಿನಲ್ಲಿಯೂ ತಿರುಳಿತ್ತು. ಲಿವರ್‌ಪೂಲಿಗೆ 102 ಲೀಗ್ ಪಂದ್ಯಗಳಲ್ಲಿ 65 ಗೋಲು ಹೊಡೆದಿದ್ದ ಟೊರೆಸ್ ತಾನಾಗಿಯೇ ಬಿಡುಗಡೆ ಬೇಡಿದ್ದ. ತಂಡವು ಆ ಅಕ್ಟೋಬರಿನಲ್ಲಿ ಕೊನೆಯ ಮೂವರ ಸಾಲಿಗೆ ಜಾರಿ, ಸಾಲದಲ್ಲಿ ಮುಳುಗಿ, ಹಳೆಯ ಮಾಲೀಕರಿಂದ ಹೊಸ ಮಾಲೀಕರಿಗೆ ದಾಟಿ, ಮ್ಯಾನೇಜರನನ್ನೂ ಬದಲಿಸಿತ್ತು. ತರಬೇತಿ ಮೈದಾನದ ಹೊರಗೆ ಅವನ ಜರ್ಸಿಗಳನ್ನು ಸುಟ್ಟರು. ಕ್ಯಾರಲನ ಸಂಗತಿ ಬೇರೆ. ಟೈನ್ ನದಿಯ ಆಚೆ ದಡದ ಗೇಟ್ಸ್‌ಹೆಡ್‌ನಲ್ಲಿ ಹುಟ್ಟಿ, ಕ್ಲಬ್ಬಿನಲ್ಲಿಯೇ ಬೆಳೆದು, ಜಾಕಿ ಮಿಲ್ಬರ್ನನಿಂದ ಆ್ಯಲನ್ ಷಿಯರರನವರೆಗೆ ಆ ಊರಿನವರು ದೇವರ ಉತ್ಸವಮೂರ್ತಿಯಂತೆ ಕಂಡ 9ನೆಯ ಅಂಗಿಯನ್ನು ತೊಟ್ಟು, ಅರ್ಧ ಋತುವಿನಲ್ಲಿ 11 ಲೀಗ್ ಗೋಲು ಹೊಡೆದವನು. ಅವನೇ ಹೋಗುತ್ತೇನೆಂದು ಅರ್ಜಿ ಕೊಟ್ಟನೆಂಬುದು ಕ್ಲಬ್ಬಿನ ಮಾತು, ಕೊಡುವಂತೆ ಮಾಡಿದರೆಂಬುದು ಅವನ ಮಾತು. ಟೊರೆಸನಿಗೆ ಸಿಗುವ ಹಣದಲ್ಲಿ ಒಂದೂವರೆ ಕೋಟಿಯನ್ನು ಉಳಿಸಿಕೊಂಡು ಮಿಕ್ಕದ್ದನ್ನು ಕ್ಯಾರಲನಿಗೆ ಕೊಡುವುದೆಂದು ಲಿವರ್‌ಪೂಲಿನ ಹೊಸ ಮಾಲೀಕರು ಮೊದಲೇ ಲೆಕ್ಕ ಹಾಕಿದ್ದರಂತೆ. ನ್ಯೂಕಾಸಲ್ ಹೆಚ್ಚು ಕೇಳಿದಷ್ಟೂ ಚೆಲ್ಸಿ ಹೆಚ್ಚು ತೆರಬೇಕಾಯಿತು. ಎತ್ತಿನ ಬೆಲೆಯನ್ನು ಗೊತ್ತುಮಾಡಿದ್ದು ಎತ್ತಿನ ಹಲ್ಲೂ ಅಲ್ಲ, ಸುಳಿಯೂ ಅಲ್ಲ. ಪಕ್ಕದ ಗೂಟದಲ್ಲಿ ಕಟ್ಟಿದ್ದ ಇನ್ನೊಂದು ಎತ್ತು.

ಮುಂದೆ ಆದದ್ದನ್ನು ಯಾವ ಜ್ಯೋತಿಷಿಯೂ ಹೇಳುವಂತಿರಲಿಲ್ಲ. ಟೊರೆಸನಿಗೆ ಚೆಲ್ಸಿಯಲ್ಲಿ ಮೊದಲ ಗೋಲಿಗಾಗಿ 903 ನಿಮಿಷಗಳ ಆಟ ಬೇಕಾಯಿತು. ಒಟ್ಟು 110 ಲೀಗ್ ಪಂದ್ಯಗಳಲ್ಲಿ ಅವನು ಹೊಡೆದದ್ದು 20. ಕ್ಯಾರಲ್ ಲಿವರ್‌ಪೂಲಿನಲ್ಲಿ 44 ಲೀಗ್ ಪಂದ್ಯಗಳಿಗೆ 6 ಗೋಲು ಕೊಟ್ಟ. ಎರಡು ದೊಡ್ಡ ಖರೀದಿಗಳೂ ಹೀಗೆ ನೆಲಕಚ್ಚಿದುವು. ಮಾರಿದವರು ಮಾತ್ರ ಬದುಕಿಕೊಂಡರು. ಅದೇ ತಿಂಗಳಲ್ಲಿ ಲಿವರ್‌ಪೂಲಿನವರು ಆಮ್‌ಸ್ಟರ್‌ಡಾಮಿನ ಏಜಾಕ್ಸ್ ಕ್ಲಬ್ಬಿನಿಂದ, ಪತ್ರಿಕೆಗಳು ಅಷ್ಟಾಗಿ ಗಮನಿಸದೆ ಹೋದ 2.27 ಕೋಟಿ ಪೌಂಡಿನ ಬೆಲೆಗೆ ಕೊಂಡಿದ್ದ ಲೂಯಿಸ್ ಸುವಾರೆಸ್, ಮೂರು ವರ್ಷಗಳ ತರುವಾಯ ಒಂದೇ ಋತುವಿನಲ್ಲಿ 31 ಲೀಗ್ ಗೋಲು ಹೊಡೆದು ತಂಡವನ್ನು ಪ್ರಶಸ್ತಿಯ ಹೊಸ್ತಿಲವರೆಗೆ ಒಯ್ದ. ನ್ಯೂಕಾಸಲ್ ಆ ಋತುವನ್ನು 12ನೆಯ ಸ್ಥಾನದಲ್ಲಿ ಮುಗಿಸಿ, ಬೇಸಗೆಯಲ್ಲಿ ವೆಸ್ಟ್ ಹ್ಯಾಮಿನಿಂದ ಡೆಂಬಾ ಬಾ ಎಂಬವನನ್ನು ಬಿಡಿಗಾಸು ಬೆಲೆ ಕೊಡದೆ ತಂದು, ಮರುವರ್ಷದ ಜನವರಿಯಲ್ಲಿ ಪಾಪಿಸ್ ಸಿಸೆಯನ್ನು ಕೂಡಿಸಿಕೊಂಡು, 5ನೆಯ ಸ್ಥಾನಕ್ಕೇರಿತು. ನಮ್ಮ ಮನೆಯ ಚಾಪೆಯ ಮೇಲೆ ಅಂದು ಅತ್ತ ಇಬ್ಬರೂ ಒಂದು ರೀತಿಯಲ್ಲಿ ವೃಥಾ ಅತ್ತಿದ್ದರು. ಆದರೆ ಹಾಗೆಂದು ಅವರಿಗೆ ಆ ಬೆಳಗಿನ ಜಾವ ಯಾರು ಹೇಳಬಲ್ಲವರಾಗಿದ್ದರು?

ಅದೇ ಜನವರಿಯಲ್ಲಿ ನ್ಯೂಕಾಸಲ್ಲಿನ ನೆರೆಯ ಸಂಡರ್‌ಲೆಂಡ್ ಕ್ಲಬ್ಬು 6ನೆಯ ಸ್ಥಾನದಲ್ಲಿದ್ದಾಗ ಡ್ಯಾರೆನ್ ಬೆಂಟನನ್ನು ಮಾರಿ 10ನೆಯದಕ್ಕೆ ಇಳಿಯಿತೆಂಬುದನ್ನೂ, ಅವನನ್ನು ಕೊಂಡ ಆ್ಯಸ್ಟನ್ ವಿಲಾ ಅವನ 9 ಗೋಲುಗಳ ಬಲದಿಂದ ಕೆಳಗಿನ ಕೆಸರಿನಿಂದ ಮೇಲೆದ್ದಿತೆಂಬುದನ್ನೂ ಇಲ್ಲಿ ಸೇರಿಸಬೇಕು. ಒಂದೇ ತಿಂಗಳು, ಒಂದೇ ಜಾತ್ರೆ. ಫಲ ಮಾತ್ರ ಒಬ್ಬೊಬ್ಬರಿಗೆ ಒಂದೊಂದು.

ಅಭಿಮಾನಿಗಳ ಲೆಕ್ಕದಲ್ಲಿ ಒಂದು ಸಹಜವಾದ ದೋಷವಿದೆ. ತಂಡದ ಒಟ್ಟು ಗೋಲುಗಳಿಂದ ಹೋಗುವವನ ಗೋಲುಗಳನ್ನು ಕಳೆದು, ಉಳಿದ ಶೇಷವನ್ನು ಕಂಡು ಅವರು ಭಯಪಡುತ್ತಾರೆ. ಆ್ಯಸ್ಟನ್ ವಿಲಾದ ಮುಂದಿನ ಚರಿತ್ರೆಯನ್ನೇ ನೋಡೋಣ. 2014-15ರಲ್ಲಿ ಆ ತಂಡ 17ನೆಯ ಸ್ಥಾನದಲ್ಲಿ ನಿಂತು ಕೂದಲೆಳೆಯಲ್ಲಿ ಬದುಕಿತು. ಹೊಡೆದ 31 ಗೋಲುಗಳಲ್ಲಿ 13 ಕ್ರಿಸ್ಟಿಯನ್ ಬೆಂಟೆಕೆ ಒಬ್ಬನವು. ಆ ಬೇಸಗೆಯಲ್ಲಿ 3.25 ಕೋಟಿ ಪೌಂಡಿಗೆ, ಅವನ ಕರಾರಿನಲ್ಲಿಯೇ ಬರೆದಿದ್ದ ಬೆಲೆಯನ್ನು ತೆತ್ತು, ಲಿವರ್‌ಪೂಲಿನವರು ಅವನನ್ನು ಕರೆದೊಯ್ದರು. ಮರುವರ್ಷ ವಿಲಾ 38 ಪಂದ್ಯಗಳಲ್ಲಿ ಕೇವಲ 3ನ್ನು ಗೆದ್ದು, 17 ಅಂಕಗಳೊಡನೆ ಎಲ್ಲರ ಕೆಳಗೆ ಬಿದ್ದು, ಎರಡನೆಯ ದರ್ಜೆಗೆ ಇಳಿಯಿತು. ಬೆಂಟೆಕೆಯನ್ನು ಮಾರಿದ್ದೇ ಕಾರಣ ಎಂದು ಬರ್ಮಿಂಗ್‌ಹ್ಯಾಮಿನಲ್ಲಿ ಹೇಳುವವರು ಅನೇಕರು. ಆದರೆ ಅಂಕಿಗಳನ್ನು ಬಿಡಿಸಿ ನೋಡಿದರೆ, ಆ ವರ್ಷ ಅವರು ಹೊಡೆದ ಗೋಲುಗಳು 27. ಎಂದರೆ, 13 ಗೋಲುಗಳ ಧಣಿ ಹೋದ ಮೇಲೆ ಕಡಮೆಯಾದದ್ದು ನಾಲ್ಕು ಮಾತ್ರ. ಬಿಟ್ಟುಕೊಟ್ಟ ಗೋಲುಗಳಾದರೋ 57ರಿಂದ 76ಕ್ಕೇರಿದುವು. ಬಾಗಿಲನ್ನು ಮಾರಿದೆವೆಂದು ಅವರು ಅಳುತ್ತಿದ್ದಾಗ ಹಿತ್ತಲ ಗೋಡೆ ಬಿದ್ದಿತ್ತು. ಅದೇ ಬೇಸಗೆಯಲ್ಲಿ ನಡುಮೈದಾನದ ನಾಯಕ ಫೇಬಿಯನ್ ಡೆಲ್ಫನನ್ನು 80 ಲಕ್ಷಕ್ಕೆ ಬಿಟ್ಟುಕೊಟ್ಟು, ಪರಭಾಷೆಯ, ಪರದೇಶದ ಲೀಗಿನಿಂದ ಬಂದ ತರುಣರ ಒಂದು ದಂಡನ್ನೇ ಕಟ್ಟಿ, ಅವರಿಗೆ ಒಗ್ಗಿಕೊಳ್ಳಲು ಕಾಲಾವಕಾಶ ಕೊಡದೆ ಕಣಕ್ಕಿಳಿಸಿದ್ದರು. ಕೊಂಡವರೆಲ್ಲ ಕೈಲಾಗದವರೆಂದೂ ಹೇಳುವಂತಿಲ್ಲ: ಇದ್ರಿಸ್ಸಾ ಗಯೆ ಮರುವರ್ಷವೇ ಎವರ್ಟನ್ನಿಗೆ ಹೋಗಿ ಚೆಂಡು ಕಸಿಯುವುದರಲ್ಲಿ ಇಡೀ ಲೀಗಿನಲ್ಲಿ ಅಗ್ರಗಣ್ಯರಲ್ಲೊಬ್ಬನೆನಿಸಿದ. ಒಳ್ಳೆಯ ಬೀಜವನ್ನೇ ತಂದು ಹದ ತಪ್ಪಿದ ನೆಲಕ್ಕೆ ಎರಚಿದ್ದರು.

ಇದಕ್ಕೆ ಜೊತೆಯಾಗಿ ಎವರ್ಟನ್ನಿನದೇ ಕಥೆಯನ್ನು ಇಡಬೇಕು. 2022ರ ಮೇ ತಿಂಗಳಲ್ಲಿ, ಕ್ರಿಸ್ಟಲ್ ಪ್ಯಾಲೆಸ್ ಎದುರು ಎರಡು ಗೋಲುಗಳ ಹಿನ್ನಡೆಯಿಂದ ಮೇಲೆದ್ದು 3-2ರಿಂದ ಗೆದ್ದು ಆ ತಂಡ ಬದುಕಿಕೊಂಡಾಗ, ಜನ ಮೈದಾನಕ್ಕೆ ನುಗ್ಗಿ ಕುಣಿದರು. ಆ ವರ್ಷ ಅವರ ಪಾಲಿಗೆ ಅತಿ ಹೆಚ್ಚು, ಎಂದರೆ 10 ಲೀಗ್ ಗೋಲು ಹೊಡೆದವನು ಬ್ರೆಜಿಲ್ಲಿನ ರಿಚಾರ್ಲಿಸನ್. ಆರು ವಾರಗಳೊಳಗೆ ಅವನು ಟಾಟನ್‌ಹ್ಯಾಮಿಗೆ ಮಾರಾಟವಾದ. ಮರುವರ್ಷ ಎವರ್ಟನ್ನಿನ ಗೋಲುಗಳು 43ರಿಂದ 34ಕ್ಕಿಳಿದುವು: ಒಂಬತ್ತು ಕಡಮೆ. ಬಿಟ್ಟುಕೊಟ್ಟವೂ 66ರಿಂದ 57ಕ್ಕಿಳಿದುವು: ಅಲ್ಲಿಯೂ ಒಂಬತ್ತೇ. ಎರಡು ವರ್ಷವೂ ಅಂತರ 23. ಅಂಕ 39ರಿಂದ 36ಕ್ಕಿಳಿದು, ಕೊನೆಯ ದಿನ ಬೋರ್ನ್‌ಮತ್ ಎದುರು ಒಂದೇ ಒಂದು ಗೋಲಿನಿಂದ ಗೆದ್ದು 17ನೆಯ ಸ್ಥಾನದಲ್ಲಿ ಉಸಿರು ಹಿಡಿದುಕೊಂಡಿತು. ಮುಂದಿನ ಸಾಲಿನಲ್ಲಿ ಕಳೆದುಕೊಂಡದ್ದನ್ನು ಅವರು ಹಿಂದಿನ ಸಾಲಿನಲ್ಲಿ ಗಳಿಸಿಕೊಂಡರು. ಬೆಲೆ ಕೊಡದೆ ಕರೆತಂದ ಜೇಮ್ಸ್ ಟಾರ್ಕೋವ್‌ಸ್ಕಿಯಂಥ ರಕ್ಷಕನ ಉಪಯೋಗ ಈ ಲೆಕ್ಕದಲ್ಲಿ ಎದ್ದು ಕಾಣುತ್ತದೆ. ಆ ವರ್ಷದ ಪಂದ್ಯಗಳನ್ನು ನೋಡುವುದು ಮಾತ್ರ ಒಂದು ಶಿಕ್ಷೆಯೇ ಆಗಿತ್ತೆಂದು ಪ್ರಾಮಾಣಿಕವಾಗಿ ಹೇಳಬೇಕು. ಅಭಿಮಾನಿ ಟಿಕೆಟಿಗೆ ದುಡ್ಡು ಕೊಡುವುದು ಗೋಲಿನ ಅಂತರವನ್ನು ನೋಡುವುದಕ್ಕಲ್ಲವಷ್ಟೆ!

ರಿಚಾರ್ಲಿಸನನನ್ನು ಜೂನ್ ತಿಂಗಳ ಅಂತ್ಯಕ್ಕೇ ಮಾರಿದ್ದೇಕೆಂಬುದನ್ನು ತಿಳಿಯಲು ಲೆಕ್ಕಪತ್ರದ ಕೋಣೆಯನ್ನು ಹೊಗಬೇಕು. ಪ್ರೀಮಿಯರ್ ಲೀಗಿನಲ್ಲಿ ಒಂದು ದಶಕಕ್ಕೂ ಮಿಕ್ಕಿ ಜಾರಿಯಲ್ಲಿದ್ದ ನಿಯಮದಂತೆ ಕ್ಲಬ್ಬೊಂದು ಮೂರು ವರ್ಷಗಳಲ್ಲಿ ಒಟ್ಟು 10.5 ಕೋಟಿ ಪೌಂಡಿಗಿಂತ ಹೆಚ್ಚು ನಷ್ಟವನ್ನು ತೋರಿಸುವಂತಿರಲಿಲ್ಲ. ಅನೇಕ ಕ್ಲಬ್ಬುಗಳ ಲೆಕ್ಕದ ವರ್ಷ ಮುಗಿಯುವುದು ಜೂನ್ 30ಕ್ಕೆ. ಆಟಗಾರನನ್ನು ಕೊಂಡಾಗ ತೆತ್ತ ಬೆಲೆಯನ್ನು ಅವನ ಕರಾರಿನ ವರ್ಷಗಳಿಗೆ ಸಮನಾಗಿ ಹಂಚಿ ಖರ್ಚು ಬರೆಯುತ್ತಾರೆ; ಮಾರಿದಾಗ ಬಂದ ಲಾಭವನ್ನಾದರೋ ಅದೇ ವರ್ಷದಲ್ಲಿ ಇಡಿಯಾಗಿ ಬರೆಯಬಹುದು. 5 ಕೋಟಿಗೆ ಐದು ವರ್ಷಗಳ ಕರಾರಿನ ಮೇಲೆ ಕೊಂಡವನನ್ನು ನಾಲ್ಕು ವರ್ಷಗಳ ಮೇಲೆ 5 ಕೋಟಿಗೇ ಮಾರಿದರೂ, ಪುಸ್ತಕದಲ್ಲಿ 4 ಕೋಟಿ ಲಾಭ. ಕ್ಯಾರಲನಂತೆ ಕ್ಲಬ್ಬಿನ ತೊಟ್ಟಿಲಲ್ಲಿಯೇ ಬೆಳೆದವನಿಗೆ ಪುಸ್ತಕದಲ್ಲಿ ಬೆಲೆಯೇ ಇರುವುದಿಲ್ಲವಾಗಿ, ಅವನಿಗೆ ಬಂದದ್ದೆಲ್ಲ ಅಪ್ಪಟ ಲಾಭ. ಊರಿನ ಮಗನನ್ನು ಮಾರುವುದೇ ಎಲ್ಲಕ್ಕಿಂತ ಹೆಚ್ಚು ಲಾಭದಾಯಕವಾಗುವಂಥ ಈ ವ್ಯವಸ್ಥೆಯನ್ನು ಯಾರೋ ಅಭಿಮಾನಿಗಳ ಮೇಲಿನ ಹಗೆಯಿಂದಲೇ ರಚಿಸಿದ್ದಾರೆಂದು ಯಾರಿಗಾದರೂ ಅನ್ನಿಸಿದರೆ ನಾನು ಅವರೊಡನೆ ವಾದಕ್ಕೆ ನಿಲ್ಲಲಾರೆ. ಲೆಕ್ಕ ತಪ್ಪಿದವರಿಗೆ ದಂಡವೂ ಉಂಟು: ಎವರ್ಟನ್ನಿಗೆ 2023ರ ನವೆಂಬರಿನಲ್ಲಿ 10 ಅಂಕಗಳನ್ನು ಕಳೆದು, ಮನವಿಯ ಮೇಲೆ ಅದನ್ನು 6ಕ್ಕಿಳಿಸಿ, ಮುಂದೆ ಇನ್ನೊಂದು ಅವಧಿಯ ತಪ್ಪಿಗಾಗಿ ಮತ್ತೆ 2ನ್ನು ಕಳೆದರು. ಹೀಗಿರುವಾಗ, ಮಾರದೆ ಉಳಿಸಿಕೊಳ್ಳಿ ಎಂದು ಗ್ಯಾಲರಿಯಿಂದ ಕೂಗುವವನು ತನಗೆ ಅರಿವಿಲ್ಲದೆಯೇ ಅಂಕಗಳನ್ನು ಕಳೆದುಕೊಳ್ಳಿ ಎಂದು ಕೂಗುತ್ತಿರಬಹುದು.

ಇಷ್ಟಾದರೂ ಗ್ಯಾಲರಿಯ ಕೂಗಿಗೆ ಅದರದೇ ಆದ ಒಂದು ಸತ್ಯವಿದೆ; ಅದನ್ನು ಕಾಣಬೇಕಾದರೆ ಇಟಲಿಯ ಫ್ಲಾರೆನ್ಸಿಗೆ ಹೋಗಬೇಕು. 1993ರಲ್ಲಿ ಅಲ್ಲಿಯ ಫಿಯೊರೆಂಟೀನಾ ಎರಡನೆಯ ದರ್ಜೆಗೆ ಬಿದ್ದಾಗ, ಆ ಋತುವಿನಲ್ಲಿ 16 ಗೋಲು ಹೊಡೆದಿದ್ದ ಅರ್ಜೆಂಟೀನಾದ ಗೇಬ್ರಿಯಲ್ ಬತಿಸ್ತುತ ಎಂಬ 24 ವರ್ಷದ ತರುಣ ತಂಡದೊಡನೆ ತಾನೂ ಕೆಳಗಿಳಿದು, ಮರುವರ್ಷವೇ ತಂಡವನ್ನು ಮೇಲಕ್ಕೆ ತಂದ. 1994-95ರಲ್ಲಿ ಲೀಗಿನ ಮೊದಲ 11 ಪಂದ್ಯಗಳಲ್ಲಿಯೂ ಎಡೆಬಿಡದೆ ಗೋಲು ಹೊಡೆದು, ಒಟ್ಟು 26ರೊಡನೆ ಇಡೀ ಇಟಲಿಗೆ ಅಗ್ರನಾದ. 1996ರಲ್ಲಿ ಇಟಲಿಯ ಕಪ್ಪೂ ಬಂತು. ಲೀಗಿನ ಪ್ರಶಸ್ತಿ ಮಾತ್ರ ಬರಲಿಲ್ಲ. ಒಂಬತ್ತು ವರ್ಷಗಳ ಮೇಲೆ, 2000ದಲ್ಲಿ, 7,000 ಕೋಟಿ ಲಿರಾಗಳಿಗೆ ಅವನನ್ನು ರೋಮಾ ಕ್ಲಬ್ಬಿಗೆ ಕೊಟ್ಟರು. ಆ ನವೆಂಬರಿನಲ್ಲಿ ರೋಮಾಪುರಿಯ ಮೈದಾನದಲ್ಲಿ ಫಿಯೊರೆಂಟೀನಾದ ಎದುರಿಗೇ ಅವನು ದೂರದಿಂದ ಹೊಡೆದ ಒಂದು ಗೋಲಿನಿಂದ ಪಂದ್ಯ ಮುಗಿಯಿತು. ಹೊಸ ಜೊತೆಗಾರರು ಅವನ ಮೇಲೆ ಬಿದ್ದು ಹಿಗ್ಗುತ್ತಿದ್ದರೆ ಅವನ ಕಣ್ಣಿನಲ್ಲಿ ನೀರು. ಆ ವರ್ಷ ರೋಮಾ ಲೀಗನ್ನು ಗೆದ್ದಿತು. ಫಿಯೊರೆಂಟೀನಾ 2002ರಲ್ಲಿ ಕೆಳಗಿಳಿದು, ದಿವಾಳಿಯಾಗಿ, ಹೆಸರನ್ನೂ ಕಳೆದುಕೊಂಡು, ನಾಲ್ಕನೆಯ ದರ್ಜೆಯಿಂದ ಹೊಸದಾಗಿ ಬದುಕನ್ನು ಆರಂಭಿಸಬೇಕಾಯಿತು. ಅವನನ್ನು ಮಾರಿದ್ದರಿಂದ ಕ್ಲಬ್ಬು ಸಾಯಲಿಲ್ಲ. ಅದನ್ನು ಕೊಂದದ್ದು ಮಾಲೀಕನ ಸಾಲ. ಮಾರಿದ ಹಣವೂ ಅದನ್ನು ಉಳಿಸಲಿಲ್ಲ, ಆ ಹಣ ಹೋದದ್ದು ತೂತಾದ ಕೊಡಕ್ಕೆ. ಫ್ಲಾರೆನ್ಸಿನವರು ಆ ಗೋಲಿಗಾಗಿ ಬತಿಸ್ತುತನನ್ನು ದೂರಿದ್ದು ನಾನು ಕೇಳಿಲ್ಲ. 1993ರಲ್ಲಿ ತಮ್ಮೊಡನೆ ಕೆಳಗಿಳಿದವನು ಎಂಬ ಒಂದೇ ನೆನಪು ಉಳಿದೆಲ್ಲವನ್ನೂ ತೂಗಿಬಿಡುತ್ತದೆ.

ಮತ್ತೆ ಮೆಟ್ಟಿಲುಗಳಿಗೆ ಬರೋಣ. ಕೀಗನ್ನರು ಕೋಲನನ್ನು ಮಾರಿದ ಋತುವನ್ನು ನ್ಯೂಕಾಸಲ್ 6ನೆಯ ಸ್ಥಾನದಲ್ಲಿ ಮುಗಿಸಿತು. ಆ ಬೇಸಗೆಯಲ್ಲಿ ಕೈಯಲ್ಲಿದ್ದ ಹಣದಿಂದ, ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಕ್ಲಬ್ಬಿನ ಲೆಸ್ ಫರ್ಡಿನೆಂಡನನ್ನು 60 ಲಕ್ಷಕ್ಕೆ ಕೊಂಡರು. ಅವನು 25 ಲೀಗ್ ಗೋಲು ಹೊಡೆದು, ತಂಡವನ್ನು ಜನವರಿಯಲ್ಲಿ 12 ಅಂಕಗಳ ಮುನ್ನಡೆಗೆ ಒಯ್ದ. ಆ ಮುನ್ನಡೆ ಹೇಗೆ ಕರಗಿ ನ್ಯೂಕಾಸಲ್ ಎರಡನೆಯದಾಯಿತೆಂಬುದು ಬೇರೊಂದು ಲೇಖನದ ವಸ್ತು. ಕೊನೆಯ ದಿನ ಮಿಡಲ್ಸ್‌ಬರೋದಲ್ಲಿ ಪ್ರಶಸ್ತಿಯನ್ನು ಗೆದ್ದುಕೊಂಡ ಮ್ಯಾಂಚೆಸ್ಟರ್ ಯುನೈಟೆಡ್ಡಿನ ಮೂರು ಗೋಲುಗಳಲ್ಲಿ ಒಂದು ಕೋಲನದು ಎಂಬುದನ್ನಷ್ಟೇ ಹೇಳಿ ಮುಂದೆ ಹೋಗುತ್ತೇನೆ. ಈ ಕಥೆಯಲ್ಲಿ ಯಾರೂ ಕಣ್ಣೆತ್ತಿ ನೋಡದ ಪಾತ್ರ ಕ್ವೀನ್ಸ್ ಪಾರ್ಕ್ ರೇಂಜರ್ಸ್. ಫರ್ಡಿನೆಂಡ್ ಇದ್ದಾಗ 8ನೆಯ ಸ್ಥಾನದಲ್ಲಿದ್ದವರು ಅವನು ಹೋದ ವರ್ಷವೇ ಕೆಳದರ್ಜೆಗೆ ಬಿದ್ದು, ಮತ್ತೆ ಮೇಲೇರುವುದಕ್ಕೆ ಹದಿನೈದು ವರ್ಷ, 2011ರವರೆಗೆ, ಕಾಯಬೇಕಾಯಿತು. ನ್ಯೂಕಾಸಲ್ಲಿನ ಮೆಟ್ಟಿಲುಗಳ ಮೇಲೆ ಸರಿಯೆಂದು ತೀರ್ಮಾನವಾದ ಮಾರಾಟದ ಶುಲ್ಕವನ್ನು ತೆತ್ತವರು ಪಶ್ಚಿಮ ಲಂಡನ್ನಿನ ಲಾಫ್ಟಸ್ ರಸ್ತೆಯವರು. ಅವರಿಗೂ 60 ಲಕ್ಷ ಸಿಕ್ಕಿತ್ತು. ಆದರೆ ಅಂಥದೇ ಇನ್ನೊಬ್ಬನನ್ನು ತಂದುಕೊಡಲು ಅವರಲ್ಲಿ ಕೀಗನ್ನರೂ ಇರಲಿಲ್ಲ, ಆ ಬೆಲೆಗೆ ಬರಲೊಪ್ಪುವ ಫರ್ಡಿನೆಂಡನೂ ಎಲ್ಲಿಯೂ ಇರಲಿಲ್ಲ. ಮೂಲೆಯ ಮೇಜಿನ ಮುದುಕ ಕೇಳಿದ್ದು ಇದನ್ನೇ.

ನಮ್ಮ ಬೆಂಗಳೂರಿಗೆ ಈ ನೋವು ಅಪರಿಚಿತವೇನಲ್ಲ. ಆಸ್ಟಿನ್ ಟೌನ್, ಗೌತಮಪುರಗಳ ಮೈದಾನಗಳಲ್ಲಿ ಬರಿಗಾಲಿನಲ್ಲಿ ಚೆಂಡನ್ನೊದೆಯುತ್ತಿದ್ದ ಕಾಲದಲ್ಲಿಯೇ ಈ ನಗರ ದೇಶಕ್ಕೆ ಮುಂಚೂಣಿಯ ಆಟಗಾರರನ್ನು ಒದಗಿಸುತ್ತಿತ್ತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ಎದುರು ಭಾರತದ ಒಂದೇ ಗೋಲನ್ನು ಹೊಡೆದ ಸಾರಂಗಪಾಣಿ ರಾಮನ್ ಇಲ್ಲಿಯವರು. ಚೆಂಡನ್ನು ಹಾವಾಡಿಗನಂತೆ ಆಡಿಸಬಲ್ಲ ಅಹ್ಮದ್ ಖಾನರೂ ಇಲ್ಲಿಯವರೇ. ಅವರು ಕಲಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬನ್ನು ಸೇರಿ, ಅಲ್ಲಿಯ ಜನ ಪಂಚಪಾಂಡವರೆಂದು ಹೆಸರಿಟ್ಟ ಐವರಲ್ಲಿ ಒಬ್ಬರಾಗಿ, 1949ರಲ್ಲಿ ಒಂದೇ ವರ್ಷ ಲೀಗು, ಶೀಲ್ಡು, ರೋವರ್ಸ್ ಕಪ್ಪು ಮೂರನ್ನೂ ಗೆದ್ದ ತಂಡದ ಜೀವಾಳವಾದರು. ಸಂತೋಷ್ ಟ್ರೋಫಿಯಲ್ಲಿ ಬಂಗಾಳವನ್ನೇ ಸೋಲಿಸಿದ್ದ ಮೈಸೂರಿನಿಂದ ಹೀಗೆ ಕಲಕತ್ತೆಗೆ ಹರಿದುಹೋದ ಪ್ರತಿಭೆಗೆ ಬದಲಾಗಿ ಇಲ್ಲಿಯ ಕ್ಲಬ್ಬುಗಳಿಗೆ ಬಂದದ್ದೇನೂ ಇಲ್ಲ. ಅದು ಹವ್ಯಾಸಿ ಆಟದ ಕಾಲ. ಮಾರಾಟವೆಂಬುದೇ ಇರಲಿಲ್ಲ, ಹೋಗುವುದೊಂದೇ ಇತ್ತು. ಮಾರಬೇಕೆ ಬೇಡವೆ ಎಂದು ಜಗಳವಾಡುವ ಅವಕಾಶ ಸಿಗುವುದೂ ಒಂದು ಮಟ್ಟದ ಐಶ್ವರ್ಯವೇ ಸರಿ.

ಹೋಗಲೇಬೇಕೆಂದು ಹಟ ಹಿಡಿದವನ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. 1995ರ ಡಿಸೆಂಬರಿನಲ್ಲಿ ಯುರೋಪಿನ ನ್ಯಾಯಾಲಯ ಬೊಸ್ಮನ್ ಎಂಬ ಬೆಲ್ಜಿಯಮ್ಮಿನ ಆಟಗಾರನ ಮೊಕದ್ದಮೆಯಲ್ಲಿ ಕೊಟ್ಟ ತೀರ್ಪಿನಿಂದೀಚೆಗೆ, ಕರಾರು ಮುಗಿದವನು ಬೆಲೆಯಿಲ್ಲದೆ ಹೊರಟುಹೋಗಬಹುದಾದ್ದರಿಂದ, ಕೊನೆಯ ಒಂದು ವರ್ಷ ಉಳಿದಿರುವಾಗಲೇ ಮಾರದ ಕ್ಲಬ್ಬು ಬರಿಗೈಯಲ್ಲಿ ಉಳಿಯುತ್ತದೆ. ಟಾಟನ್‌ಹ್ಯಾಮ್ ತನ್ನ ಚರಿತ್ರೆಯಲ್ಲಿಯೇ ಅತಿ ಹೆಚ್ಚು, 280 ಗೋಲು ಹೊಡೆದ ಹ್ಯಾರಿ ಕೇನನನ್ನು 2023ರಲ್ಲಿ ಬಯರ್ನ್ ಮ್ಯೂನಿಕ್ಕಿಗೆ ಕೊಟ್ಟದ್ದು ಹಾಗೆ. ಅದರ ಫಲವನ್ನು ಯಾವ ಪಕ್ಷದವರೂ ತಮ್ಮ ವಾದಕ್ಕೆ ಬಳಸಿಕೊಳ್ಳಲಾರರು: ಎರಡು ವರ್ಷಗಳ ಮೇಲೆ ಟಾಟನ್‌ಹ್ಯಾಮ್ ಲೀಗಿನಲ್ಲಿ 17ನೆಯದಾಗಿ ನಿಂತು, ಅದೇ ತಿಂಗಳಲ್ಲಿ, ಕೇನ್ ಇದ್ದಷ್ಟು ದಿನವೂ ಕೈಗೆ ಸಿಗದಿದ್ದ ಯುರೋಪಿನ ಕಪ್ಪೊಂದನ್ನು ಗೆದ್ದುಕೊಂಡು ಬಂತು. 2025ರ ಬೇಸಗೆಯಲ್ಲಿ ನ್ಯೂಕಾಸಲ್ಲಿನವರು ಅಲೆಕ್ಸಾಂಡರ್ ಇಸಾಕನ ಹಟಕ್ಕೆ ವಾರಗಟ್ಟಲೆ ಮಣಿಯದೆ, ಕೊನೆಯ ದಿನ 12.5 ಕೋಟಿ ಪೌಂಡಿಗೆ ಅವನನ್ನು ಲಿವರ್‌ಪೂಲಿಗೆ ಬಿಟ್ಟುಕೊಟ್ಟಾಗ, ನಮ್ಮ ಹುಡುಗನ ಆ ಗೆಳೆಯ ನನಗೆ ಫೋನು ಮಾಡಿ, ಹದಿನಾಲ್ಕು ವರ್ಷಗಳ ಹಿಂದಿನ ಚಾಪೆಯನ್ನು ನೆನೆದ. ಈ ಸಲ ಅವನು ಅಳಲಿಲ್ಲ. ಬದಲಿಗೆ ಬರುವವರ ಹೆಸರುಗಳನ್ನು ಮೊದಲೇ ಬಾಯಿಪಾಠ ಮಾಡಿಕೊಂಡಿದ್ದ.

2015ರ ಮಾರ್ಚಿನಲ್ಲಿ ಲಿವರ್‌ಪೂಲಿನ ಆ್ಯನ್‌ಫೀಲ್ಡ್ ಮೈದಾನದಲ್ಲಿ ಸಹಾಯಾರ್ಥ ಪಂದ್ಯವೊಂದು ನಡೆಯಿತು. ನಾಯಕ ಸ್ಟೀವನ್ ಜೆರಾರ್ಡನ ಕಡೆಯಿಂದ ಆಡಲು ಹಳೆಯವರೆಲ್ಲ ಬಂದಿದ್ದರು. ಯಾರನ್ನು ಕಳೆದುಕೊಂಡ ದುಃಖದಲ್ಲಿ ಜರ್ಸಿಗಳು ಸುಟ್ಟುಹೋಗಿದ್ದುವೋ ಆ ಟೊರೆಸನೂ, ಅವನು ಹೋದ ವಾರವೇ ಬಂದ, ಆದ್ದರಿಂದ ಅವನೊಡನೆ ಲಿವರ್‌ಪೂಲಿನ ಅಂಗಿಯಲ್ಲಿ ಒಂದು ನಿಮಿಷವೂ ಆಡದಿದ್ದ ಸುವಾರೆಸನೂ ಅಂದು ಒಂದೇ ತಂಡದ ಮುಂಚೂಣಿಯಲ್ಲಿ ಜೊತೆಯಾಗಿ ಓಡಿದರು. ಜನ ಎದ್ದುನಿಂತು ಕೈತಟ್ಟಿದರು. ಅಕ್ಕನ ಮನೆಯಲ್ಲಿ ನಾವು ಟೀವಿಯಲ್ಲಿ ಅದನ್ನು ನೋಡುತ್ತಿದ್ದೆವು. ಅಕ್ಕನ ಮಗ ಮಾತಾಡದೆ ಎದ್ದು ಅಡುಗೆಮನೆಗೆ ಹೋಗಿ, ನಾಲ್ಕು ವರ್ಷಗಳಿಂದ ಮಿಕ್ಸಿಗೆ ಹೊದಿಕೆಯಾಗಿದ್ದ ಆ ಕೆಂಪು ಜರ್ಸಿಯನ್ನು ತಂದು ತೊಡೆಯ ಮೇಲೆ ಹರಡಿಕೊಂಡು ಕುಳಿತ. 9ರ ಅಂಕೆಯ ಮೇಲೆ ಅರಿಸಿನದ ಕಲೆಯಿತ್ತು. ಒಳಗಿನಿಂದ ಅಕ್ಕ, "ಮಿಕ್ಸಿಗೆ ಧೂಳು ಕೂರತ್ತೆ ಕಣೋ, ನೋಡಿ ಆದ್ಮೇಲೆ ಅಲ್ಲೇ ಹಾಕು" ಎಂದು ಕೂಗಿ ಹೇಳಿದಳು.